ಬಿದ್ರಿ ಕಣ್ಣಿಗೆ ಕಂಡ ರೋಬೋ

ಅಂಗೈ ಮೇಲೆ ನಿಲ್ಲುವಷ್ಟು ಪುಟ್ಟ ರೋಬೋ. ಒಂದು ತೋಳಿನ ಜಾಗದಲ್ಲಿ ತೋಪು, ಇನ್ನೊಂದರ ಜಾಗದಲ್ಲಿ ಇಕ್ಕಳ. ಎದೆಗವಚದ ಅಂಚಿನಲ್ಲಿ ಕೆಂಪು ಬಣ್ಣ ಚಕ್ಕೆ ಎದ್ದು ಒಳಗಿನ ಉಕ್ಕು ಇಣುಕುತ್ತಿದೆ. ಮಂಡಿಯ ಕೀಲಿನಿಂದ ಒಸರಿದ ಎಣ್ಣೆ ಹಿಮ್ಮಡಿಯವರೆಗೆ ಇಳಿದು ಒಣಗಿದೆ. ಹೆಗಲ ಮೇಲಿನ ಅಂಕಿ ಅರ್ಧ ಅಳಿಸಿದೆ. ಹತ್ತಾರು ಕಾಳಗ ಕಂಡು ಬಂದ ಯಂತ್ರವೇ ಇರಬೇಕು ಅನ್ನಿಸುತ್ತದೆ. ಕೈಗೆತ್ತಿಕೊಂಡರೆ ಗುಟ್ಟು ಬಯಲು: ತೂಕವೇ ಇಲ್ಲ. ಉಕ್ಕೂ ಇಲ್ಲ, ಎಣ್ಣೆಯೂ ಇಲ್ಲ, ತುಕ್ಕೂ ಇಲ್ಲ. ಬೂದು ಪ್ಲಾಸ್ಟಿಕ್ಕಿನ ಮೇಲೆ ಅಕ್ರಿಲಿಕ್ ಬಣ್ಣ, ಅಷ್ಟೇ.

ಇಂಥ ಬೊಂಬೆಗಳನ್ನು ಬಿಡಿಭಾಗಗಳಲ್ಲಿ ಕೊಂಡು, ಅಂಟಿಸಿ, ಬಣ್ಣ ಹಚ್ಚಿ, ಮೇಜಿನ ಮೇಲೆ ಸೈನ್ಯ ಕಟ್ಟಿ ಆಡುವ ಹವ್ಯಾಸಕ್ಕೆ ಮಿನಿಯೇಚರ್ ವಾರ್‌ಗೇಮಿಂಗ್ ಎಂದು ಹೆಸರು. ಇಲ್ಲಿ ಚದುರಂಗದ ಮನೆಗಳಿಲ್ಲ. ಮೇಜಿನ ಮೇಲೆ ಪುಟ್ಟ ಗುಡ್ಡ, ಹಾಳು ಗೋಡೆ, ಸೇತುವೆ. ರೋಬೋ ಎಷ್ಟು ನಡೆಯಿತು ಎಂಬುದನ್ನು ಅಳತೆ ಟೇಪು ಹೇಳುತ್ತದೆ, ಗುಂಡು ತಾಗಿತೋ ಇಲ್ಲವೋ ಎಂಬುದನ್ನು ದಾಳ. ಒಂದು ಆಟ ಎರಡು ಮೂರು ಗಂಟೆಯಲ್ಲಿ ಮುಗಿಯಬಹುದು, ಆ ಆಟಕ್ಕೆ ಸೈನ್ಯ ಸಿದ್ಧವಾಗಲು ತಿಂಗಳುಗಳೇ ಬೇಕು. ಎಷ್ಟೋ ಮಂದಿ ಆಡುವುದೇ ಇಲ್ಲ. ಬಣ್ಣ ಹಚ್ಚುತ್ತಾರೆ, ಕಪಾಟಿನಲ್ಲಿಟ್ಟು ನೋಡುತ್ತಾರೆ, ಮತ್ತೊಂದು ಡಬ್ಬಿ ತರಿಸುತ್ತಾರೆ. ಬಣ್ಣ ಕಾಣದೆ ರಾಶಿ ಬಿದ್ದ ಡಬ್ಬಿಗಳಿಗೆ ಈ ಹವ್ಯಾಸಿಗಳೇ ಇಟ್ಟ ಹೆಸರು ‘ನಾಚಿಕೆಯ ಗುಡ್ಡ’. ಆ ಗುಡ್ಡ ಇಲ್ಲದ ಮನೆ ಅಪರೂಪ.

ಬೀದರ್ ಕಡೆಯವರಿಗೆ ಇದನ್ನು ಪರಿಚಯಿಸಲು ನನಗೊಂದು ಕಾರಣವಿದೆ. ಈ ಕಲೆಯ ಜೀವ ಇರುವುದು ಕಪ್ಪಿನಲ್ಲಿ. ಎಲ್ಲಿ ಕಪ್ಪು ಬಿಡಬೇಕು, ಎಲ್ಲಿ ಬೆಳಕಿನ ಒಂದೆಳೆ ಎಳೆಯಬೇಕು ಎಂಬ ತೀರ್ಮಾನವೇ ಇಲ್ಲಿ ಅರ್ಧ ಕೆಲಸ. ಆ ತೀರ್ಮಾನವನ್ನು ಬೀದರಿನಷ್ಟು ದೀರ್ಘಕಾಲ ಅಭ್ಯಾಸ ಮಾಡಿದ ಊರು ಬೇರೆ ಎಲ್ಲಿದೆ? ಕೋಟೆಯೊಳಗಿನ ರಂಗೀನ್ ಮಹಲಿಗೆ ಹೋಗಿ ನೋಡಿ. 16ನೇ ಶತಮಾನದಲ್ಲಿ ಅಲಿ ಬರೀದ್ ಶಾಹನ ಕಾಲದ ಕೈಗಳು ಕಾಡಿಗೆಗಪ್ಪು ಕಲ್ಲಿನಲ್ಲಿ ಕೊರೆದು ಮುತ್ತಿನ ಚಿಪ್ಪು ಕೂರಿಸಿವೆ. ಕಪ್ಪು ಲೋಹದ ಬಿದ್ರಿ ಪಾತ್ರೆಯ ಮೇಲೆ ಬೆಳ್ಳಿ ಮಾಡುವ ಕೆಲಸವನ್ನೇ ಅಲ್ಲಿ ಚಿಪ್ಪು ಮಾಡಿದೆ.

ಯುದ್ಧವನ್ನು ಮೇಜಿಗೆ ಇಳಿಸುವ ಚಾಳಿಯೂ ಈ ಜಿಲ್ಲೆಗೆ ಹೊಸದಲ್ಲ. ಇಂದಿನ ಬಸವಕಲ್ಯಾಣ ಅಂದು ಕಲ್ಯಾಣ, ಚಾಲುಕ್ಯರ ರಾಜಧಾನಿ. ಅಲ್ಲಿಂದ ಆಳಿದ ಮೂರನೆಯ ಸೋಮೇಶ್ವರನ ಹೆಸರಿನಲ್ಲಿ 1129ರ ಸುಮಾರಿಗೆ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥ ಸಿದ್ಧವಾಯಿತು. ಇಪ್ಪತ್ತಿಪ್ಪತ್ತರಂತೆ ಐದು ಭಾಗ, ಒಟ್ಟು ನೂರು ಅಧ್ಯಾಯ. ಅಡುಗೆ, ಆನೆ, ಸಂಗೀತ, ರತ್ನಪರೀಕ್ಷೆ ಎಲ್ಲ ಸೇರಿದ ಆ ಹೊತ್ತಗೆಯಲ್ಲಿ ಮೇಣದ ಮಾದರಿಯಿಂದ ಲೋಹದ ವಿಗ್ರಹ ಎರಕ ಹೊಯ್ಯುವ ಕ್ರಮವಿದೆ, ಗೋಡೆ ಹದಮಾಡಿ ಬಣ್ಣ ಹಚ್ಚುವ ಕ್ರಮವಿದೆ, ಚದುರಂಗವೂ ಇದೆ. ಎರಕ, ಬಣ್ಣ, ಯುದ್ಧದಾಟ: ಇಂದಿನ ಮಿನಿಯೇಚರ್ ಹವ್ಯಾಸಿಗೆ ಬೇಕಾದ ಮೂರೂ ವಿದ್ಯೆ ಒಂದೇ ಪುಸ್ತಕದಲ್ಲಿ. ರೋಬೋ ಒಂದು ಇಲ್ಲ ಅನ್ನುವವರಿಗೆ, ಹನ್ನೊಂದನೇ ಶತಮಾನದ ಮಾಳವದ ದೊರೆ ಭೋಜನ ಹೆಸರಿನ ‘ಸಮರಾಂಗಣ ಸೂತ್ರಧಾರ’ದ ಯಂತ್ರಾಧ್ಯಾಯದಲ್ಲಿ ಬಾಗಿಲು ಕಾಯುವ ಮರದ ಆಳುಗಳಿದ್ದಾರೆ. ಅವರಿಗೆ ಯಾರು ಬಣ್ಣ ಹಚ್ಚಿದರೋ!

ಯುರೋಪಿನ ಕಥೆಯನ್ನು ಬೇಗ ಹೇಳಿಬಿಡಬಹುದು. 1812ರಲ್ಲಿ ಪ್ರಷ್ಯದ ಅರಸನೆದುರು ರೈಸ್‌ವಿಟ್ಸ್ ಎಂಬಾತ ಮೇಜಿನ ಮೇಲಿನ ಯುದ್ಧದಾಟವನ್ನು ಬಿಡಿಸಿಟ್ಟ. ಅವನ ಮಗ 1824ರಲ್ಲಿ ಅದನ್ನು ತಿದ್ದಿ ಸೇನಾಧಿಕಾರಿಗಳ ತರಬೇತಿಗೆ ಒಗ್ಗಿಸಿದ. ಸೈನಿಕರ ಕೈಯಿಂದ ಅದನ್ನು ಕಿತ್ತು ಮನೆಯ ನೆಲಕ್ಕೆ ತಂದವನು ವೈಜ್ಞಾನಿಕ ಕಾದಂಬರಿಗಳ ಎಚ್.ಜಿ. ವೆಲ್ಸ್; ಆಟಿಕೆ ಸೈನಿಕರಿಗೆ ಅವನು ಬರೆದ ನಿಯಮಪುಸ್ತಕ ‘ಲಿಟಲ್ ವಾರ್ಸ್’ 1913ರದು. ಮಂಗಳ ಗ್ರಹದ ಮೂರು ಕಾಲಿನ ಯುದ್ಧಯಂತ್ರಗಳನ್ನು ಕಲ್ಪಿಸಿದವನೂ ಅವನೇ, ಆದರೆ ಎರಡನ್ನೂ ಒಂದೇ ನೆಲದ ಮೇಲೆ ತರುವ ಯೋಚನೆ ಅವನಿಗೆ ಬರಲಿಲ್ಲ. ಅದಕ್ಕೆ ಜಪಾನ್ ಬೇಕಾಯಿತು. 1979ರಲ್ಲಿ ಅಲ್ಲಿನ ಟೀವಿಯಲ್ಲಿ ‘ಗುಂಡಮ್’ ಬಂತು, ಮರುವರ್ಷವೇ ಬಂದಾಯ್ ಕಂಪನಿ ಆ ದೈತ್ಯ ರೋಬೋಗಳ ಪ್ಲಾಸ್ಟಿಕ್ ಕಿಟ್ ಮಾರಿತು. 1984ರಲ್ಲಿ ಅಮೆರಿಕದ ಫಾಸಾ ಕಂಪನಿ ‘ಬ್ಯಾಟಲ್‌ಡ್ರಾಯ್ಡ್ಸ್’ ಎಂಬ ರೋಬೋ ಯುದ್ಧದಾಟ ತಂದು, ‘ಸ್ಟಾರ್ ವಾರ್ಸ್’ನವರ ತಕರಾರಿನಿಂದಾಗಿ ಬೇಗನೇ ‘ಬ್ಯಾಟಲ್‌ಟೆಕ್’ ಎಂದು ಹೆಸರು ಬದಲಿಸಿತು. 1975ರಲ್ಲಿ ಲಂಡನ್ನಿನಲ್ಲಿ ಹುಟ್ಟಿ ಆಮೇಲೆ ನಾಟಿಂಗ್‌ಹ್ಯಾಮ್‌ನಲ್ಲಿ ನೆಲೆನಿಂತ ಗೇಮ್ಸ್ ವರ್ಕ್‌ಶಾಪ್ 1987ರಲ್ಲಿ ‘ವಾರ್‌ಹ್ಯಾಮರ್ 40,000’ ಹೊರತಂದಿತು. ಇಂದು ಈ ಲೋಕದ ದೊಡ್ಡ ಹೆಸರು ಅದೇ. ಬಣ್ಣಗಾರರಿಗಾಗಿ ಆ ಕಂಪನಿ ನಡೆಸುವ ‘ಗೋಲ್ಡನ್ ಡೀಮನ್’ ಸ್ಪರ್ಧೆ ಗೆದ್ದವರಿಗೆ ಹವ್ಯಾಸಿಗಳ ನಡುವೆ ದೊಡ್ಡ ವಿದ್ವಾಂಸರ ಮರ್ಯಾದೆ.

ಇನ್ನು ಕೆಲಸಕ್ಕೆ ಬರೋಣ.

ಭಾಗಗಳು ಬರುವುದು ಪ್ಲಾಸ್ಟಿಕ್ ಚೌಕಟ್ಟಿನಲ್ಲಿ. ಕಟರ್‌ನಿಂದ ಕತ್ತರಿಸಿ, ಅಚ್ಚಿನ ಎರಡು ಹೋಳು ಕೂಡಿದಲ್ಲಿ ಎದ್ದ ಸಣ್ಣ ಏಣನ್ನು ಚಾಕುವಿನ ಬೆನ್ನಿನಿಂದ ಹೆರೆಯಬೇಕು. ಈ ಏಣು ಬರಿಗಣ್ಣಿಗೆ ಕಾಣುವುದು ಕಷ್ಟ. ಬಣ್ಣ ಬಿದ್ದ ಮೇಲೆ ಮಾತ್ರ ಹಣೆಯಿಂದ ಕಾಲಿನವರೆಗೆ ಗಾಯದ ಹೊಲಿಗೆಯಂತೆ ಎದ್ದು ನಿಲ್ಲುತ್ತದೆ, ಆಗ ಮಾಡುವುದೇನೂ ಇರುವುದಿಲ್ಲ. ಆಮೇಲೆ ಅಂಟು. ಈ ಅಂಟು ಪ್ಲಾಸ್ಟಿಕ್ಕನ್ನೇ ಚೂರು ಕರಗಿಸಿ ಬೆಸೆಯುವಂಥದು. ಆಮೇಲೆ ಪ್ರೈಮರ್, ಸಾಮಾನ್ಯವಾಗಿ ಕಪ್ಪು. ಕ್ಯಾನಿನಿಂದ ಸಿಂಪಡಿಸಿದರೆ ಇಡೀ ರೋಬೋ ಒಮ್ಮೆಗೇ ಕತ್ತಲಾಗುತ್ತದೆ. ಕೆಲವರು ಅದರ ಮೇಲೆ ನೆತ್ತಿಯ ದಿಕ್ಕಿನಿಂದ ಮಾತ್ರ ಬಿಳಿ ಸಿಂಪಡಿಸುತ್ತಾರೆ. ಬಿಳಿ ಬಿದ್ದದ್ದು ಬಿಸಿಲು ಬೀಳುವ ಜಾಗ, ಕಪ್ಪು ಉಳಿದದ್ದು ನೆರಳಿನ ಜಾಗ. ಬಣ್ಣದ ಮೊದಲ ತೊಟ್ಟು ಬೀಳುವ ಮುನ್ನವೇ ಸೂರ್ಯ ಎಲ್ಲಿದ್ದಾನೆ ಎಂದು ನಿಶ್ಚಯವಾಗಿಬಿಡುತ್ತದೆ.

ಒಂದು ತೊಡೆಗವಚವನ್ನಷ್ಟೇ ತೆಗೆದುಕೊಂಡು ನೋಡೋಣ. ಹೆಬ್ಬೆರಳಿನ ಉಗುರಿಗಿಂತ ಚಿಕ್ಕದು, ನಡುವೆ ಒಂದು ಸೀಳುಗೆರೆ, ಮೂಲೆಗಳಲ್ಲಿ ನಾಲ್ಕು ರಿವೆಟ್. ಕೆಂಪನ್ನು ನೀರು ಬೆರೆಸಿ ತೆಳ್ಳಗೆ ಮಾಡಿ ಒಂದು ಕೈ, ಒಣಗಿದ ಮೇಲೆ ಇನ್ನೊಂದು ಕೈ. ಒಂದೇ ಸಲ ದಪ್ಪಗೆ ಬಳಿದರೆ ರಿವೆಟ್‌ಗಳು ಮುಳುಗಿಹೋಗುತ್ತವೆ. ಮುಂದೆ ‘ವಾಷ್’: ಕಪ್ಪೋ ಕಂದೋ ಬಣ್ಣವನ್ನು ಕಷಾಯದಷ್ಟು ನೀರಾಗಿಸಿ ಮೇಲೆ ಬಿಡುತ್ತಾರೆ. ಅದು ತಾನಾಗಿಯೇ ಸೀಳಿಗೆ ಇಳಿದು, ರಿವೆಟ್‌ಗಳ ಸುತ್ತ ಉಂಗುರವಾಗಿ ನಿಲ್ಲುತ್ತದೆ. ಬಯಲಿನಲ್ಲಿ ಉಳಿದದ್ದನ್ನು ಒಣಗುವ ಮುಂಚೆ ಕುಂಚದಿಂದ ಹೀರಿ ತೆಗೆಯಬೇಕು. ಕೊನೆಯಲ್ಲಿ ಅಂಚು. ಕುಂಚದ ತುದಿಯನ್ನಲ್ಲ, ಪಕ್ಕೆಯನ್ನು ಕವಚದ ಏಣಿಗೆ ತಾಗಿಸಿ ಎಳೆದರೆ ಕೂದಲೆಳೆಯಷ್ಟು ಕಿತ್ತಳೆ ಗೆರೆ ಬರುತ್ತದೆ. ಉಸಿರು ಬಿಗಿಹಿಡಿಯುವುದು ಇಲ್ಲೇ. ಕೈ ನಡುಗಿದರೆ ಗೆರೆ ದಪ್ಪವಾಗುತ್ತದೆ, ಗೆರೆ ದಪ್ಪವಾದರೆ ಇಪ್ಪತ್ತಡಿಯ ಯಂತ್ರ ಎರಡಿಂಚಿನ ಆಟಿಕೆಯಾಗಿಬಿಡುತ್ತದೆ.

ಬಣ್ಣ ಚಕ್ಕೆ ಎದ್ದಂತೆ ತೋರಿಸಲು ಸ್ಪಂಜಿನ ಚೂರು ಸಾಕು. ಗಾಢ ಕಂದಿನಲ್ಲಿ ಅದ್ದಿ, ಕಾಗದದ ಮೇಲೆ ಒತ್ತಿ ಹೆಚ್ಚಿನದನ್ನು ಕಳೆದು, ಅಂಚುಗಳಿಗೆ ಮೆಲ್ಲಗೆ ತಟ್ಟುತ್ತಾರೆ. ಆಮೇಲೆ ಕಂದಿನ ಚುಕ್ಕೆಯೊಳಗೆ ಬೆಳ್ಳಿ ಬಣ್ಣದ ಸಣ್ಣ ಚುಕ್ಕೆ. ಎಲ್ಲಿ ತಟ್ಟಬೇಕು ಎಂಬುದಕ್ಕೆ ಪುಸ್ತಕ ಬೇಡ, ಬೀದರಿನ ಮಹಮೂದ್ ಗವಾನನ ಮದರಸಾದ ಮುಂದೆ ಅರ್ಧ ತಾಸು ನಿಂತರಾಯಿತು. 1472ರಲ್ಲಿ ಮುಗಿದ ಆ ಕಟ್ಟಡದ ಮುಖಕ್ಕೆ ಹೊದಿಸಿದ ಬಣ್ಣದ ಹೆಂಚುಗಳಲ್ಲಿ ಎಷ್ಟೋ ಉದುರಿವೆ, ಎಷ್ಟೋ ಉಳಿದಿವೆ. ಉದುರಿದ್ದರಲ್ಲಿ ಒಂದು ಕ್ರಮವಿದೆ. ಉಳಿದ ಹೆಂಚಿನ ಅಂಚು ಹೇಗೆ ಮುಕ್ಕಾಗಿದೆ, ಬಣ್ಣ ಹೋದಲ್ಲಿ ಗಾರೆ ಯಾವ ಬಣ್ಣದಲ್ಲಿ ಕಾಣುತ್ತದೆ, ಮಳೆನೀರು ಇಳಿದ ಜಾಡು ಎಲ್ಲಿ ಎಂಬುದನ್ನು ಗಮನಿಸಿದ ಕಣ್ಣು ರೋಬೋ ಕವಚವನ್ನು ಅಡ್ಡಾದಿಡ್ಡಿ ಕೆರೆಯುವುದಿಲ್ಲ. ತುಕ್ಕು ಬೇಕಿದ್ದರೆ ಕೋಟೆ ಬುರುಜಿನ ಮೇಲಿನ ತೋಪುಗಳಿವೆ. ಹೊಳೆಯುವ ಹೊಸ ಯಂತ್ರ ಬೇಕೆಂದರೆ ತಲೆ ಎತ್ತಬೇಕು. ಭಾರತೀಯ ವಾಯುಪಡೆಯ ಸೂರ್ಯಕಿರಣ ತಂಡ 1996ರಲ್ಲಿ ರೂಪುಗೊಂಡದ್ದು ಬೀದರಿನ ವಾಯುನೆಲೆಯಲ್ಲೇ. ತಂಡದ ಈಗಿನ ಕೆಂಪು ಬಿಳಿಯ ಹಾಕ್ ವಿಮಾನಗಳು ತಲೆಯ ಮೇಲೆ ಪಲ್ಟಿ ಹೊಡೆಯುವುದನ್ನು ನೋಡುತ್ತ ಬೆಳೆದ ಹುಡುಗರಿಗೆ, ಯಂತ್ರದ ಮೇಲೆ ಬಣ್ಣ ಯಾವ ಗೆರೆಯಲ್ಲಿ ಮುರಿದರೆ ವೇಗ ಕಾಣುತ್ತದೆ ಎಂದು ಬೇರೆ ಹೇಳಬೇಕಿಲ್ಲ.

ಈಗ ಬಿದ್ರಿ. ಬೀದರಿನವರಿಗೆ ಬಿದ್ರಿ ಪರಿಚಯಿಸಲು ಹೊರಟರೆ ನಗುತ್ತಾರೆ, ಗೊತ್ತು. ಆದರೆ ಚೌಬಾರಾದ ಸುತ್ತಲಿನ ಅಂಗಡಿಯ ಗಾಜಿನಲ್ಲಿ ಹೂದಾನಿ ನೋಡುವುದು ಬೇರೆ, ಕಾರ್ಖಾನೆಯಲ್ಲಿ ಕಾರೀಗರನ ಮಗ್ಗುಲಲ್ಲಿ ಕೂತು ಆ ಹೂದಾನಿ ಕಪ್ಪಾಗುವುದನ್ನು ನೋಡುವುದು ಬೇರೆ.

ಲೋಹ ಸತು ಮತ್ತು ತಾಮ್ರದ ಬೆರಕೆ, ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ ಎಂಬುದು ರೂಢಿಯ ಲೆಕ್ಕ. ಹರಳೆಣ್ಣೆ, ರಾಳ ಬೆರೆಸಿದ ಮಣ್ಣಿನ ಅಚ್ಚಿಗೆ ಹೊಯ್ಯುತ್ತಾರೆ. ಸತು 420 ಡಿಗ್ರಿಯ ಹತ್ತಿರ ಕರಗುತ್ತದೆ, ಹಾಗಾಗಿ ದೊಡ್ಡ ಕುಲುಮೆ ಬೇಡ. ಅಚ್ಚು ಒಡೆದು ತೆಗೆದ ಪಾತ್ರೆ ಒರಟು, ಬೂದು, ಮಂಕು. ಅದೇ ಹೂದಾನಿಯಾಗುತ್ತದೆಂದು ನಂಬುವುದು ಕಷ್ಟ. ಅರದಿಂದ ಉಜ್ಜಿ ನಯ ಮಾಡುತ್ತಾರೆ. ಆಮೇಲೆ ಮೈಲುತುತ್ತದ ನೀರು ಸವರುತ್ತಾರೆ, ಮೈಯೆಲ್ಲ ಕಪ್ಪಾಗುತ್ತದೆ. ಇದು ಕೊನೆಯ ಕಪ್ಪಲ್ಲ, ತಾತ್ಕಾಲಿಕ. ಇದರ ಮೇಲೆ ಉಕ್ಕಿನ ಮೊನೆಯಿಂದ ನಕ್ಷೆ ಗೀಚಿದರೆ ಬಿಳಿ ಗೆರೆ ಎದ್ದು ಕಾಣುತ್ತದೆ. ರೋಬೋ ಬಣ್ಣಗಾರ ಕಪ್ಪು ಪ್ರೈಮರನ್ನೇ ಆರಿಸುವುದೂ ಇದೇ ಉದ್ದೇಶಕ್ಕೆ: ಮೊದಲು ಕತ್ತಲು ಮಾಡಿಕೊಂಡರೆ ಕಣ್ಣಿಗೆ ರೂಪ ಸಿಗುತ್ತದೆ.

ಪಾತ್ರೆಯನ್ನು ಅರಗು ಮೇಣದ ಹಾಸಿನ ಮೇಲೆ ಕಚ್ಚಿಸಿಟ್ಟು ಸಣ್ಣ ಉಳಿಯಿಂದ ಗೆರೆ ಕೊರೆಯುತ್ತಾರೆ. ಟಕ್ ಟಕ್ ಸದ್ದು ಗಡಿಯಾರದ ಲಯದಲ್ಲಿ ಬೀಳುತ್ತಿರುತ್ತದೆ. ಕೊರೆದ ಕಾಲುವೆಗೆ ಬೆಳ್ಳಿ ತಂತಿ ಇಟ್ಟು ಬಡಿದರೆ ಅದು ತಾರಕಶಿ. ಎಲೆ, ಹೂವಿನ ಆಕಾರಕ್ಕೆ ಕತ್ತರಿಸಿದ ತಗಡು ಕೂರಿಸಿದರೆ ತಹನಿಶಾನ್. ಇಡೀ ಹಿನ್ನೆಲೆಗೆ ಬೆಳ್ಳಿ ಹೊದಿಸಿ ಹೂವನ್ನಷ್ಟೇ ಕಪ್ಪಾಗಿ ಉಳಿಸುವ ಅಫ್ತಾಬಿ ಎಂಬ ತಿರುವುಮುರುವಿನ ಕೆಲಸವೂ ಉಂಟು. ಅದನ್ನು ಕಲ್ಪಿಸಲು ಬೇರೆಯದೇ ತಲೆ ಬೇಕು. ಅಂಟಿಲ್ಲ, ಬೆಸುಗೆಯಿಲ್ಲ. ಕಾಲುವೆಯ ಗೋಡೆಗಳೇ ತಂತಿಯನ್ನು ಹಿಡಿದುಕೊಳ್ಳುತ್ತವೆ. ಮತ್ತೆ ಉಜ್ಜುತ್ತಾರೆ. ಈಗ ತಾತ್ಕಾಲಿಕ ಕಪ್ಪು ಹೋಗಿ, ಬೂದು ಸತುವೂ ಬಿಳಿ ಬೆಳ್ಳಿಯೂ ಒಂದಕ್ಕೊಂದು ಬೆರೆತು, ಇಷ್ಟು ದಿನದ ನಕ್ಷೆ ಕಣ್ಣಿಗೆ ಕಾಣದಂತಾಗುತ್ತದೆ. ಕಂಡೂ ಕಾಣದ ಈ ಘಟ್ಟದಲ್ಲಿ ಪಾತ್ರೆ ನೋಡಿದವರು ಕೆಲಸ ಕೆಟ್ಟಿತು ಅಂದುಕೊಂಡರೆ ಆಶ್ಚರ್ಯವಿಲ್ಲ.

ಕೊನೆಗೆ ಮಣ್ಣು. ಕೋಟೆಯ ಹಳೇ ಕಟ್ಟಡಗಳೊಳಗಿನ, ಬಹುಕಾಲ ಬಿಸಿಲು ಮಳೆ ಕಾಣದ ಮಣ್ಣೇ ಆಗಬೇಕು. ಒಳ್ಳೆಯ ಮಣ್ಣನ್ನು ಹಳಬರು ನಾಲಿಗೆಗೆ ತಾಗಿಸಿ ಗುರುತಿಸುತ್ತಾರೆ. ಅದನ್ನು ನವಸಾಗರದ ಜೊತೆ ನೀರಿನಲ್ಲಿ ಕುದಿಸಿ, ಬಿಸಿ ಮಾಡಿದ ಪಾತ್ರೆಗೆ ಹಚ್ಚಿ ತಿಕ್ಕುತ್ತಾರೆ. ಕೆಲವೇ ಕ್ಷಣ. ಸತುವಿನ ಬೆರಕೆ ಕಡುಗಪ್ಪಾಗುತ್ತದೆ, ಬೆಳ್ಳಿಗೆ ಏನೂ ಆಗುವುದಿಲ್ಲ. ಆ ಒಂದು ಪಾಲು ತಾಮ್ರ ಇಲ್ಲದಿದ್ದರೆ ಇಷ್ಟು ಕಪ್ಪು ಬಾರದು, ಬರಿ ಸತು ಬೂದಿಗೇ ನಿಂತುಬಿಡುತ್ತದೆ. ತೊಳೆದು, ಎಣ್ಣೆ ಸವರಿದರೆ ಕಪ್ಪು ಇನ್ನಷ್ಟು ಆಳಕ್ಕಿಳಿಯುತ್ತದೆ.

ಬಹಮನಿ ಸುಲ್ತಾನರು ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ ಹದಿನೈದನೇ ಶತಮಾನದಲ್ಲಿ ಪರ್ಷಿಯದ ಕುಶಲಕರ್ಮಿಗಳ ಜೊತೆ ಈ ವಿದ್ಯೆ ಬಂತೆಂದು ಊರಿನ ಹೇಳಿಕೆ. ಹುಕ್ಕಾ ಬುಡ, ಪಾನದಾನ, ಹೂಜಿ, ಜಮಖಾನೆ ಹಾರದಂತೆ ಮೂಲೆಗಿಡುವ ಮೀರ್-ಎ-ಫರ್ಶ್ ಇವೆಲ್ಲ ದಖ್ಖನ್ನಿನ ಶ್ರೀಮಂತ ಮನೆಗಳಲ್ಲಿದ್ದವು, ಇಂದು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲೂ ಇವೆ. 2006ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ, 2011ರ ಗಣರಾಜ್ಯೋತ್ಸವದಲ್ಲಿ ದೆಹಲಿಯ ರಾಜಪಥದ ಮೇಲೆ ಕರ್ನಾಟಕದ ಸ್ತಬ್ಧಚಿತ್ರ, 2023ರಲ್ಲಿ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ. ಗೌರವಕ್ಕೆ ಕೊರತೆಯಿಲ್ಲ. ಬೆಳ್ಳಿ, ಸತುವಿನ ಬೆಲೆ ಏರಿದಾಗ ಕೈಗೆ ಉಳಿಯುವ ಮಜೂರಿಯ ಲೆಕ್ಕ ಬೇರೆ.

ಎರಡೂ ಕಲೆಗಳನ್ನು ಪಕ್ಕಪಕ್ಕ ಇಟ್ಟರೆ ಹೋಲುವುದಕ್ಕಿಂತ ಹೋಲದಿರುವುದೇ ನನಗೆ ಹೆಚ್ಚು ರುಚಿಸುತ್ತದೆ. ಬಿದ್ರಿಯಲ್ಲಿ ಕಪ್ಪು ಲೋಹದ ಮೈಯೊಳಗಿಂದ ಬಂದದ್ದು, ಬೆಳ್ಳಿ ನಿಜವಾದ ಬೆಳ್ಳಿ. ಪಾತ್ರೆ ತಿರುಗಿಸಿದರೆ ಹೊಳಪೂ ತಿರುಗುತ್ತದೆ. ರೋಬೋ ಮೇಲಿನ ಹೊಳಪು ಸುಳ್ಳು. ಅದರಲ್ಲೂ ಪರಿಣತರು ಲೋಹಪುಡಿ ಬೆರೆತ ಬಣ್ಣವನ್ನೇ ಬಿಟ್ಟು, ಬರೀ ಕಪ್ಪು, ಬೂದು, ಬಿಳಿ, ಒಂದಿಷ್ಟು ನೀಲಿಯಲ್ಲೇ ಉಕ್ಕನ್ನು ತೋರಿಸುತ್ತಾರೆ. ಕತ್ತಿಯ ಮೇಲೆ ಮಿಂಚಿದ ಬೆಳಕು ನೀವು ಕತ್ತಿ ತಿರುಗಿಸಿದರೂ ಅಲ್ಲೇ ಇರುತ್ತದೆ, ಯಾಕೆಂದರೆ ಅದು ಚಿತ್ರ. ಫೋಟೋದಲ್ಲಿ ಅದ್ಭುತ, ಕೈಯಲ್ಲಿ ಹಿಡಿದು ತಿರುಗಿಸಿದರೆ ಮೋಡಿ ಕಳಚುತ್ತದೆ. ಸ್ಪರ್ಧೆಗಳಲ್ಲಿ ಇದೇ ಶೈಲಿಗೆ ಬಹುಮಾನ ಬರುವುದುಂಟು. ಬಿದ್ರಿ ಊರಿನವನಾಗಿ ನನ್ನ ಓಟು ನಿಜದ ಲೋಹಬಣ್ಣಕ್ಕೆ, ಅದರ ಮೇಲೆ ಒಂದು ಕಪ್ಪು ವಾಷ್‌ಗೆ.

ರೋಬೋವನ್ನೇ ಯಾಕೆ ಆರಿಸಬೇಕು, ಸೈನಿಕನೋ ರಾಕ್ಷಸನೋ ಯಾಕಾಗಬಾರದು ಎಂದು ಕೇಳಬಹುದು. ಹೊಸಬರಿಗೆ ಮನುಷ್ಯನ ಮುಖದಷ್ಟು ಕಷ್ಟದ್ದು ಬೇರಿಲ್ಲ. 28 ಮಿಲಿಮೀಟರ್ ಆಳಿನ ಕಣ್ಣು ಸಾಸಿವೆಗಿಂತ ಚಿಕ್ಕದು. ಪಾಪೆ ಒಂದು ಎಳೆ ಆಚೆ ಹೋದರೂ ವೀರನಿಗೆ ಮೆಳ್ಳಗಣ್ಣು. ರೋಬೋಗೆ ಮುಖವಿಲ್ಲ. ಸಮತಟ್ಟಾದ ಹಲಗೆ, ನೇರ ಅಂಚು, ಕೀಲು, ಕೊಳವೆ. ಕೈ ತಪ್ಪಿ ಬಿದ್ದ ಬಣ್ಣವನ್ನು ಗುಂಡಿನ ಗುರುತು ಅಂದುಬಿಡಬಹುದು. ಹೆಗಲ ಹಲಗೆಯ ಮೇಲೆ ಲಾಂಛನ ಬರೆಯಲು ಬೇಕಾದಷ್ಟು ಜಾಗ. ಡಬ್ಬಿಯ ಜೊತೆ ಬರುವ ಹದ್ದು, ತಲೆಬುರುಡೆಗಳ ಸ್ಟಿಕ್ಕರ್ ಬಿಟ್ಟು ಚಾಲುಕ್ಯರ ವರಾಹವನ್ನೇ ಬರೆದರೆ ಬೇಡವೆನ್ನುವವರು ಯಾರು? ಅಂಕಿಯನ್ನು ೧, ೨, ೩ ಎಂದು ಕನ್ನಡದಲ್ಲೇ ಬರೆಯಬಹುದು. ದುಂಡಗಿನ ಕನ್ನಡ ಅಂಕಿ ಚೌಕು ಕವಚದ ಮೇಲೆ ಚೆನ್ನಾಗಿ ಕೂರುತ್ತದೆ.

ಕಾಲ ಕೆಳಗಿನ ನೆಲದ ವಿಷಯದಲ್ಲಿ ಬೀದರ್, ಭಾಲ್ಕಿ, ಔರಾದ್ ಈ ಮೂರು ಊರಿನವರು ಅದೃಷ್ಟವಂತರು. ಬೊಂಬೆ ನಿಲ್ಲುವ ಬಿಲ್ಲೆಗೆ ಮರಳು, ಮಣ್ಣು ಅಂಟಿಸಿ ರಣರಂಗ ಮಾಡುವುದು ವಾಡಿಕೆ. ಮಂಗಳ ಗ್ರಹದ ಕೆಂಪು ಧೂಳು ಅಂತ ಸೀಸೆಯಲ್ಲಿ ಮಾರುತ್ತಾರೆ, ದುಡ್ಡು ಕೊಟ್ಟು ಕೊಳ್ಳುತ್ತಾರೆ. ಬೀದರ್ ನಗರ ಕೂತಿರುವುದೇ ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ. ಇಲ್ಲಿನ ನೆಲಕ್ಕೆ ಕೆಂಪು ಕೊಟ್ಟದ್ದೂ ಮಂಗಳಕ್ಕೆ ಕೆಂಪು ಕೊಟ್ಟದ್ದೂ ಕಬ್ಬಿಣದ ಆಕ್ಸೈಡೇ. ರಸ್ತೆಬದಿಯ ಒಂದು ಹಿಡಿ ಧೂಳನ್ನು ಬಟ್ಟೆಯಲ್ಲಿ ಜರಡಿ ಹಿಡಿದರೆ ಒಂದು ಸೈನ್ಯಕ್ಕೆ ಸಾಕು. ಭಾಲ್ಕಿ, ಔರಾದ್ ಕಡೆ ಎರೆಮಣ್ಣು ಹೆಚ್ಚು. ತೊಗರಿ ಕೊಯ್ದ ಮೇಲೆ ಬೇಸಿಗೆಯಲ್ಲಿ ಆ ಹೊಲ ಬಿರಿಯುವ ರೀತಿಯನ್ನು ಅನುಕರಿಸಲೆಂದೇ, ಒಣಗುತ್ತ ತಾನಾಗಿ ಸೀಳುವ ಒಂದು ವಿಶೇಷ ಬಣ್ಣ ಮಾರುಕಟ್ಟೆಯಲ್ಲಿದೆ. ಔರಾದಿನ ಹುಡುಗ ಅದನ್ನು ಆನ್‌ಲೈನಿನಲ್ಲಿ ತರಿಸಿದನೆಂದರೆ ಮನೆಯಲ್ಲಿ ಅಜ್ಜನಿಗೆ ವಿವರಿಸುವುದು ಕಷ್ಟವಾದೀತು.

ಕೋಟೆಯ ಮಣ್ಣು ತಂದು ರೋಬೋಗೆ ತಿಕ್ಕಿದರೆ ಹೇಗೆ ಎಂಬ ಯೋಚನೆ ಬಂದಿದ್ದರೆ ಅಲ್ಲಿಗೇ ಬಿಡಿ. ಪ್ಲಾಸ್ಟಿಕ್ ಕಪ್ಪಾಗುವುದಿಲ್ಲ. ಹಳೆಯ ಲೋಹದ ಬೊಂಬೆಗಳಾದರೂ ತವರ, ಸೀಸದ ಬೆರಕೆಯವು, ಸತುವಿನ ಗುಣ ಅವಕ್ಕಿಲ್ಲ. ಸೀಸದ ಹಳೇ ಬೊಂಬೆ ಸಿಕ್ಕರೆ ಮಕ್ಕಳ ಕೈಗೆ ಕೊಡದಿರುವುದು ಒಳ್ಳೆಯದು, 1990ರ ದಶಕದಿಂದ ತಯಾರಕರೇ ಸೀಸ ಕೈಬಿಡುತ್ತ ಬಂದರು. ಮೇಲಾಗಿ ಕೋಟೆ ಸಂರಕ್ಷಿತ ಸ್ಮಾರಕ. ಅಲ್ಲಿ ಅಗೆಯಲು ಹೋದರೆ ಆಟ ಬೇರೆಯೇ ಆಗುತ್ತದೆ.

ಹವಾಮಾನದ ಒಂದು ಮಾತು. ಬೀದರಿನ ಏಪ್ರಿಲ್ ಈ ಬಣ್ಣಗಳಿಗೆ ಆಗಿಬರುವುದಿಲ್ಲ. ಬಿಸಿ ಒಣಗಾಳಿಯಲ್ಲಿ ಸ್ಪ್ರೇ ಪ್ರೈಮರ್ ಬೊಂಬೆ ಮುಟ್ಟುವ ಮುಂಚೆಯೇ ಅರ್ಧ ಒಣಗಿ ಮೈಯೆಲ್ಲ ರವೆ ರವೆಯಾಗುತ್ತದೆ. ಬೆಳಗಿನ ತಂಪಿನಲ್ಲಿ, ಮೂಗಿಗೆ ಮುಸುಕು ಕಟ್ಟಿಕೊಂಡು ಸಿಂಪಡಿಸಬೇಕು. ಬಣ್ಣ ಕುಂಚದಲ್ಲೇ ಗಟ್ಟಿಯಾಗದಿರಲು ಒದ್ದೆ ಪ್ಯಾಲೆಟ್ ಬೇಕು. ಮುಚ್ಚಳವಿರುವ ಟಿಫಿನ್ ಡಬ್ಬಿ, ಅದರಲ್ಲಿ ನೆನೆಸಿದ ತೆಳು ಸ್ಪಂಜು, ಮೇಲೆ ಬೇಕಿಂಗ್ ಕಾಗದ. ಇಷ್ಟರಿಂದ ಬಣ್ಣ ಮರುದಿನದವರೆಗೂ ಹಸಿಯಾಗಿರುತ್ತದೆ.

ದುಡ್ಡಿನ ವಿಷಯ ಮುಚ್ಚಿಡಬಾರದು. ದೊಡ್ಡ ಕಂಪನಿಯ ಒಂದು ಡಬ್ಬಿಗೆ ಸಾವಿರಗಳಲ್ಲಿ ಬೆಲೆ. ಬೆಂಗಳೂರು, ಮುಂಬೈ, ಪುಣೆಗಳಲ್ಲಿ ಆಡುವವರ ಗುಂಪುಗಳಿವೆ. ಇತ್ತ ಕಡೆಯವರಿಗೆ ಕೊರಿಯರ್ರೇ ಗತಿ. ಜಪಾನಿನ ಗುಂಡಮ್ ಕಿಟ್‌ಗಳಲ್ಲಿ ಸಣ್ಣವು ಅಗ್ಗ, ಅಂಟಿಲ್ಲದೆ ಕೂಡುತ್ತವೆ, ಅಭ್ಯಾಸಕ್ಕೆ ಅವೇ ಸಾಕು. ಸ್ಟೇಷನರಿ ಅಂಗಡಿಯ ಕ್ಯಾಮೆಲ್ ಅಕ್ರಿಲಿಕ್ ಮಿನಿಯೇಚರ್ ಬಣ್ಣದಷ್ಟು ನಯವಲ್ಲ, ಆದರೂ ನೀರು ಬೆರೆಸಿ ಮೂರು ನಾಲ್ಕು ಕೈ ಕೊಟ್ಟರೆ ನಡೆಯುತ್ತದೆ. ಈಗ ಥ್ರೀಡಿ ಪ್ರಿಂಟರ್ ಬಂದಿದೆ. ಬೀದರ್, ಭಾಲ್ಕಿಯ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಕಂಪ್ಯೂಟರಿನಲ್ಲಿ ಯಂತ್ರಭಾಗ ಬಿಡಿಸುವುದು ಪಾಠದ ಭಾಗವೇ; ಗೇರು ಬಿಡಿಸುವ ಕೈಗೆ ರೋಬೋ ಮಂಡಿ ದೂರವಲ್ಲ. ಹಾಳಾದ ಬಣ್ಣವನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ನೆನೆಸಿ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿ ತೆಗೆದು ಮತ್ತೆ ಶುರು ಮಾಡಬಹುದು. ಪ್ರಿಂಟ್ ಮಾಡಿದ ರೆಸಿನ್ ಬೊಂಬೆಯನ್ನು ಮಾತ್ರ ಹೆಚ್ಚು ಹೊತ್ತು ನೆನೆಹಾಕಬಾರದು, ಮೆತ್ತಗಾಗಿ ಒಡೆಯುತ್ತದೆ.

ಇದು ಬರೀ ಖರ್ಚಿನ ಬಾಬತ್ತಲ್ಲ ಎಂಬುದಕ್ಕೂ ಹತ್ತಿರದಲ್ಲೇ ಉದಾಹರಣೆ ಇದೆ. ಪಾಶ್ಚಾತ್ಯ ಹವ್ಯಾಸಿಗಳಲ್ಲಿ ಬೊಂಬೆ ಕೊಳ್ಳಲು ದುಡ್ಡಿದ್ದು, ಬಣ್ಣ ಹಚ್ಚಲು ಪುರುಸೊತ್ತಿಲ್ಲದವರು ಬಹಳ. ಅಂಥವರ ಸೈನ್ಯಗಳಿಗೆ ಬಣ್ಣ ಹಚ್ಚಿಕೊಡುವುದನ್ನೇ ಶ್ರೀಲಂಕಾದ ಫರ್ನಾಂಡೊ ಎಂಟರ್‌ಪ್ರೈಸಸ್ ಉದ್ಯೋಗ ಮಾಡಿಕೊಂಡು ವಿದೇಶಗಳಲ್ಲಿ ಹೆಸರು ಗಳಿಸಿದೆ. ನೊಣದ ಕಾಲಿನಷ್ಟು ಗೆರೆಯನ್ನು ನಡುಗದೆ ಎಳೆಯುವ ಕೈಗಳು ಬೀದರಿನಲ್ಲಿ ತಲೆಮಾರುಗಳಿಂದ ಇವೆ. ಉಳಿ ಹಿಡಿದ ಆ ಕೈ ಕುಂಚವನ್ನು ಹಿಡಿಯಲೇಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಉಳಿಯನ್ನು ಬಿಟ್ಟು ಕೂಲಿಗೆ ಹೋಗುವುದಕ್ಕಿಂತ ಇದು ವಾಸಿ.

ಅದಕ್ಕಿಂತ ಒಳ್ಳೆಯದು ಬಿದ್ರಿಯಲ್ಲೇ ರೋಬೋ ಮಾಡುವುದು. ಮೊದಲಿಗೇ ದೊಡ್ಡ ಸೈನ್ಯ ಬೇಡ, ಒಂದು ಚದುರಂಗದ ಜೋಡಿ. ಮೂವತ್ತೆರಡು ಕಾಯಿ. ಒಂದು ಪಕ್ಷಕ್ಕೆ ಕಪ್ಪು ಮೈ, ಬೆಳ್ಳಿ ತಂತಿಯ ಸೀಳುಗೆರೆ. ಎದುರು ಪಕ್ಷಕ್ಕೆ ಅಫ್ತಾಬಿ, ಬೆಳ್ಳಿಯ ಮೈಯಲ್ಲಿ ಕಪ್ಪು ಗೆರೆ. ಎರಡು ಸೈನ್ಯ ಬೇರೆ ಬೇರೆ ಎಂದು ತೋರಿಸಲು ಬಣ್ಣದ ಅಗತ್ಯವೇ ಬೀಳುವುದಿಲ್ಲ. ರಿವೆಟ್ ಬೇಕಾದಲ್ಲಿ ತಂತಿಯ ತುಂಡನ್ನೇ ಚುಕ್ಕೆಯಾಗಿ ಬಡಿದು ಕೂರಿಸಬಹುದು. ತೊಡಕು ಇರುವುದು ಕೈಕಾಲಿನಲ್ಲಿ. ಸತುವಿನ ಬೆರಕೆ ಪೆಡಸು, ನೆಲಕ್ಕೆ ಬಿದ್ದರೆ ತೆಳು ಭಾಗ ಪಟ್ಟನೆ ಮುರಿಯುತ್ತದೆ, ಉಳಿಯ ಏಟು ತಡೆಯುವಷ್ಟು ದಪ್ಪವೂ ಬೇಕು. ಹಾಗಾಗಿ ಚಾಚಿದ ತೋಪು, ಎತ್ತಿದ ಕತ್ತಿ, ಒಂಟಿಕಾಲಿನ ಓಟ ಯಾವುದೂ ಆಗದು. ತೋಳು ಮೈಗೆ ಅಂಟಿರಬೇಕು, ಕಾಲು ಕಂಬವಾಗಿರಬೇಕು. ಕುದುರೆ ಕಷ್ಟ, ಒಂಟೆ ಇನ್ನೂ ಕಷ್ಟ. ಆನೆಯಿಂದ ಶುರು ಮಾಡುವುದು ಲೇಸು. ನಾಲ್ಕು ಕಾಲೂ ದಪ್ಪ, ಸೊಂಡಿಲನ್ನು ಎದೆಗೆ ಒತ್ತಿಸಿಟ್ಟರಾಯಿತು.